ಡಿಸ್ಕ್ ಒಯ್ರಿ, ಪೆಟ್ಟಿಗಿ ಅಲ್ಲೇ ಬಿಡ್ರಿ: ಕಂಪ್ಯೂಟರ್ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನಿಗಳೊಳಗ ಅರ್ಧಕ್ಕಿಂತ ಜಾಸ್ತಿ ಒಂದ ತಕರಾರು. ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗ ಪ್ರೋಗ್ರಾಮಿನಿಂದ ನಡಿಯೋ ಇನ್ನೊಂದು ಕಂಪ್ಯೂಟರ್; ವಿಎಂವೇರ್, ವರ್ಚುವಲ್‌ಬಾಕ್ಸ್ ಅಂಥಾ ಪ್ರೋಗ್ರಾಮು) ಒಂದ್ ಪ್ರೋಗ್ರಾಮಿನಿಂದ ಇನ್ನೊಂದಕ್ಕ ತಂದ್ವಿ, ಚಾಲೂ ಆಗವಲ್ದು ಅಂತ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲಾದಿಂದ ಬಂದಾವ, ಅದಕ್ಕ ಬ್ಯಾರೆ ಪ್ರಶ್ನಿ ಎಲ್ಲಾ ಮುಂದಿನ ತಿಂಗಳಿಗೆ ಎತ್ತಿಟ್ಟೀವಿ, ಬೇಜಾರಾಗಬ್ಯಾಡ್ರಿ.

ಪ್ರಶ್ನೆ: ಅಣ್ಣಾರ, ನಮ್ದು ಕಾರಟಗಿ ಹತ್ರ ರೈಸ್ ಮಿಲ್ಲು, ನಾನು ಅಲ್ಲಿ ಲೆಕ್ಕ ಬರಿಯಾಂವ. ಲಾರಿ ತೂಕದ ಕಾಟಾ ಪ್ರೋಗ್ರಾಮು ಹಳೇದು, ವಿಂಡೋಸ್ ಎಕ್ಸ್‌ಪಿ ಬಿಟ್ರ ಬ್ಯಾರೆದ್ರಾಗ ನಡಿಯಂಗಿಲ್ಲ, ಅದಕ್ಕ ಯಾರೋ ಪುಣ್ಯಾತ್ಮ ವಿಎಂವೇರ್ ಒಳಗ ಎಕ್ಸ್‌ಪಿ ಹಾಕಿ ಕೊಟ್ಟು ಹೋಗಿದ್ದ. ಈಗ ಹೊಸಾ ಕಂಪ್ಯೂಟರ್ ತಗೊಂಡು ಅದ್ರಾಗ ವರ್ಚುವಲ್‌ಬಾಕ್ಸ್ ಹಾಕೀವಿ. ಹಳೇ ಡಿಸ್ಕ್ ಫೈಲ್ ತಂದು ಹಚ್ಚಿದ್ರ ಎಕ್ಸ್‌ಪಿ ಲೋಗೋ ಒಂದ್ ಕ್ಷಣ ಕಾಣ್ತೈತಿ, ನೀಲಿ ಪರದೆ ಬರ್ತೈತಿ, ಮತ್ತ ಮೊದ್ಲಿಂದ ಶುರು. ಮುಂಜಾನಿಂದ ಕೈಲೆ ಚೀಟಿ ಬರದು ಕೊಡಾಕತ್ತೀನಿ, ಹೊರಗ ಭತ್ತದ ಲಾರಿ ಸಾಲ್ ಹಚ್ಚಿ ನಿಂತಾವ.

ಉತ್ತರ: ಲಾರಿ ನಿಂತಾವ ಅಂದ್ರ ಮೊದ್ಲ ಹಳೇ ಕಂಪ್ಯೂಟರ್ ಹೊರಗ ತಗೀರಿ, ಗುಜರಿಗೆ ಹಾಕಿರಂಗಿಲ್ಲ ಅನ್ಕೊಂತೀನಿ, ಈ ವಾರ ಕಾಟಾ ಅದರ ಮ್ಯಾಲ ನಡೀಲಿ. ಹೊಸಾದನ್ನ ರಾತ್ರಿ ಕುಂತು ಸಮಾಧಾನದಿಂದ ಸರಿ ಮಾಡೋಣ.

ಆ ನೀಲಿ ಪರದೆ ಓದೋಕೂ ಬಿಡಂಗಿಲ್ಲ, ಹೌದಲ್ರಿ? ಎಕ್ಸ್‌ಪಿ ಚಾಲೂ ಆಗೋಮುಂದ ಎಫ್8 ಒತ್ತಿಗೋತ ಕುಂದರ್ರಿ, ಕರಿ ಮೆನು ಬರ್ತೈತಿ, ಅದ್ರಾಗ ಫೇಲ್ ಆದ್ರ ತಾನಾಗೇ ರೀಸ್ಟಾರ್ಟ್ ಆಗೋದನ್ನ ಬಂದ್ ಮಾಡೋ ಸಾಲು ಇರ್ತೈತಿ, ಅದನ್ನ ಆರಿಸ್ರಿ. ಈಗ ಪರದೆ ಓಡಿ ಹೋಗದ ನಿಂತ್ಕೊಂತೈತಿ. ಸ್ಟಾಪ್ ಅಂತ ಬರದು ಮುಂದ ಸೊನ್ನಿಗಳ ಸಾಲು, ಸಾಲಿನ ಕೊನಿಗೆ 7ಬಿ ಅಂತ ಇತ್ತಂದ್ರ ರೋಗ ಸಿಕ್ಕಂಗ. ಅದರರ್ಥ, ಎಕ್ಸ್‌ಪಿಗೆ ತನ್ನ ಡಿಸ್ಕ ಸಿಗವಲ್ದು.

ಫೈಲ್ ಅಲ್ಲೇ ಐತಲ್ಲ, ಸಿಗವಲ್ದು ಅಂದ್ರ ಹೆಂಗ? ನಿಮ್ಮ ಗೋದಾಮಿನ ಲೆಕ್ಕದಾಗ ಹೇಳ್ತೀನಿ. ಎಕ್ಸ್‌ಪಿ ಹಾಕಿದ ದಿನ ಅದು ಯಾವ ಬಾಗಿಲಿನಿಂದ ಗೋದಾಮಿಗೆ ಹೋಗ್ತಿತ್ತೋ ಆ ಬಾಗಿಲಿನ ಕೀಲಿ ಒಂದನ್ನ ಮಾತ್ರ ಸೊಂಟಕ್ಕ ಕಟ್ಕೊಂತು. ಬಾಗಿಲು ಅಂದ್ರ ಡಿಸ್ಕ್ ಕಂಟ್ರೋಲರ್, ಕೀಲಿ ಅಂದ್ರ ಡ್ರೈವರ್. ವಿಎಂವೇರ್‌ನಾಗ ನಿಮ್ಮ ಡಿಸ್ಕು ಎಸ್‌ಸಿಎಸ್‌ಐ ಬಾಗಿಲಿಗೆ ಹಚ್ಚಿರಬೇಕು. ವರ್ಚುವಲ್‌ಬಾಕ್ಸ್ ಎಕ್ಸ್‌ಪಿ ಅಂದ ಕೂಡ್ಲೆ ತಾನಾಗೇ ಐಡಿಇ ಬಾಗಿಲು ಇಡ್ತೈತಿ. ಅಕ್ಕಿ ಮೂಟಿ ಎಲ್ಲಾ ಒಳಗ ಅದಾವ, ಕೀಲಿ ಮಾತ್ರ ಬ್ಯಾರೆದು.

ಖಾತ್ರಿ ಮಾಡ್ಕೋಬೇಕಂದ್ರ ಹಳೇ ಫೋಲ್ಡರ್‌ನಾಗ ವಿಎಂಎಕ್ಸ್ ಅಂತ ಮುಗಿಯೋ ಸಣ್ಣ ಫೈಲ್ ಒಂದಿರ್ತೈತಿ, ಅದನ್ನ ನೋಟ್‌ಪ್ಯಾಡ್‌ನಾಗ ತಗೀರಿ. ಎಸ್‌ಸಿಎಸ್‌ಐ ಅಂತ ಶುರುವಾಗೋ ಸಾಲಿನಾಗ ಬಸ್‌ಲಾಜಿಕ್ ಅಥವಾ ಎಲ್‌ಎಸ್‌ಐ ಲಾಜಿಕ್, ಯಾವುದರ ಒಂದ್ ಹೆಸರಿರ್ತೈತಿ. ಚೀಟಿ ಮ್ಯಾಲ ಬರ್ಕೊಳ್ರಿ. ವರ್ಚುವಲ್‌ಬಾಕ್ಸ್‌ನಾಗ ಆ ಮಷೀನಿನ ಸೆಟ್ಟಿಂಗ್ಸ್, ಸ್ಟೋರೇಜ್‌ಗೆ ಹೋಗಿ ಐಡಿಇ ಕೆಳಗಿರೋ ಡಿಸ್ಕನ್ನ ಬಿಚ್ರಿ (ಬಿಚ್ಚೋದು ಅಷ್ಟ, ಫೈಲ್ ಅಳಿಸ್ಲ್ಯಾ ಅಂತ ಎಲ್ಲೆರ ಕೇಳಿದ್ರ ಬ್ಯಾಡ ಅನ್ರಿ), ಹೊಸಾ ಕಂಟ್ರೋಲರ್ ಸೇರಿಸ್ರಿ, ಎರಡೂ ಹೆಸರು ಆ ಪಟ್ಟಿಯೊಳಗ ಅದಾವ, ನಿಮ್ಮ ಚೀಟಿಯಾಗ ಇದ್ದದ್ದನ್ನ ಆರಿಸಿ ಡಿಸ್ಕ್ ಅದಕ್ಕ ಹಚ್ರಿ. ವಿಎಂಡಿಕೆ (ವಿಎಂವೇರಿನ ಡಿಸ್ಕ್ ಫೈಲ್) ಫೈಲ್‌ನ ವಿಡಿಐ (ವರ್ಚುವಲ್‌ಬಾಕ್ಸಿಂದು) ಮಾಡಬೇಕು ಅಂತೇನಿಲ್ಲ, ವರ್ಚುವಲ್‌ಬಾಕ್ಸು ವಿಎಂಡಿಕೆನ ನೇರವಾಗಿ ಓದ್ತೈತಿ.

ಅಷ್ಟಾದ್ರೂ ಏಳವಲ್ದು, ಇಲ್ಲಾ ಕರೀ ಪರದೆ ಮ್ಯಾಲ ನಿಂತ್ಬಿಡ್ತು ಅಂದ್ರ ಸಿಸ್ಟಮ್ ಅನ್ನೋ ಪುಟದಾಗ ಐಓ ಎಪಿಕ್ ಅಂತ ಒಂದ್ ಚೌಕ ಐತಿ, ಟಿಕ್ ಹಾಕ್ರಿ. ಎಕ್ಸ್‌ಪಿ ಹಾಕೋಮುಂದ ಅದು ಇತ್ತಂದ್ರ ಆಮ್ಯಾಲ ಕಿತ್ಕೊಂಡ್ರ ಎಕ್ಸ್‌ಪಿ ಮಕ ತಿರುವ್ತೈತಿ. ಪ್ರೊಸೆಸರ್ ಒಂದ ಇರ್ಲಿ, ಹೊಸಾ ಕಂಪ್ಯೂಟರ್‌ನಾಗ ಎಂಟದಾವ ಅಂತ ಎಂಟೂ ಕೊಡಾಕ ಹೋಗಬ್ಯಾಡ್ರಿ.

ಇನ್ನ ಕಾಟಾ ವೈರು. ಹೊಸಾ ಕಂಪ್ಯೂಟರ್‌ಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರಂಗಿಲ್ಲ, ಯುಎಸ್‌ಬಿ ಟು ಸೀರಿಯಲ್ ಕೇಬಲ್ ತಂದಿರ್ತೀರಿ. ಅದನ್ನ ಚುಚ್ಚಿದ ಮ್ಯಾಲ ಹೊರಗಿನ ವಿಂಡೋಸಿನ ಡಿವೈಸ್ ಮ್ಯಾನೇಜರ್‌ನಾಗ ಕಾಮ್ 3 ಇಲ್ಲಾ ಕಾಮ್ 4 ಅಂತ ಒಂದ್ ನಂಬರ್ ಬರ್ತೈತಿ. ವರ್ಚುವಲ್‌ಬಾಕ್ಸಿನ ಸೀರಿಯಲ್ ಪೋರ್ಟ್ ಪುಟದಾಗ ಪೋರ್ಟ್ 1 ಚಾಲೂ ಮಾಡಿ, ಒಳಗ ಕಾಮ್ 1 ಇರ್ಲಿ, ಮೋಡ್ ಹೋಸ್ಟ್ ಡಿವೈಸ್ ಅಂತ ಇಟ್ಟು, ಪಾತ್ ಅಂದಲ್ಲಿ ಹೊರಗಿನ ನಂಬರ್ ಹಾಕ್ರಿ. ನಿಮ್ಮ ಪ್ರೋಗ್ರಾಮಿಗೆ ತಾನು ಅದೇ ಹಳೇ ಕಾಮ್ 1 ಜೋಡಿ ಮಾತಾಡಾಕತ್ತೀನಿ ಅಂತ ಅನ್ನಿಸ್ತೈತಿ. ಕೇಬಲ್‌ನ ದಿನಾ ಅದ ಯುಎಸ್‌ಬಿ ತೂತಿಗೆ ಹಾಕ್ರಿ, ತೂತು ಬದ್ಲಾದ್ರ ನಂಬರೂ ಬದ್ಲಾಗಬಹುದು, ಆಮ್ಯಾಲ ತೂಕ ಬರವಲ್ದು ಅಂತ ಮತ್ತ ಪತ್ರ ಬರೀತೀರಿ.

ನೀವು ಮಾಡಿರಲಿಕ್ಕಿಲ್ಲ ಅನ್ಸೋ ಕೆಲಸ ಒಂದೈತಿ. ಹಳೇ ಕಂಪ್ಯೂಟರ್‌ನಾಗ ಎಕ್ಸ್‌ಪಿ ಚಾಲೂ ಇರೋವಾಗ್ಲೇ ಅದರೊಳಗಿನ ವಿಎಂವೇರ್ ಟೂಲ್ಸ್ (ವಿಎಂವೇರ್ ತನ್ನ ಮಷೀನಿನೊಳಗ ಹಾಕೋ ಸಹಾಯದ ಪ್ರೋಗ್ರಾಮು) ತಗದು ಹಾಕಿ, ಪೂರ್ತಿ ಶಟ್‌ಡೌನ್ ಮಾಡಿ, ಆಮ್ಯಾಲ ಕಾಪಿ ತಗೀಬೇಕು. ವರ್ಚುವಲ್‌ಬಾಕ್ಸಿಗೆ ಬಂದಮ್ಯಾಲ ತಗೀತೀನಿ ಅಂದ್ರ ನಾನು ವಿಎಂವೇರ್ ಒಳಗ ಇಲ್ಲ, ತಗಿಯಂಗಿಲ್ಲ ಅಂತ ಹಟ ಹಿಡೀತೈತಿ. ಮತ್ತ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕ ಕೈ ಬಿಟ್ಟೈತಿ, ಅದಕ್ಕ ಇಂಟರ್ನೆಟ್ ತೋರಸಬ್ಯಾಡ್ರಿ, ನೆಟ್‌ವರ್ಕ್ ಕಾರ್ಡ್ ತಗದ ಬಿಡ್ರಿ. ಕಾಟಾಕ್ಕ ಇಂಟರ್ನೆಟ್ ಯಾಕ ಬೇಕು.

ಪ್ರಶ್ನೆ: ಸರ್, ನಾನು ಬಳ್ಳಾರಿಲಿ ಇಂಜಿನಿಯರಿಂಗ್ ಕೊನೇ ವರ್ಷ. ಪ್ರಾಜೆಕ್ಟ್ ಪೂರ್ತಿ ವರ್ಚುವಲ್‌ಬಾಕ್ಸಲ್ಲಿ ಉಬುಂಟು ಸರ್ವರ್ ಮೇಲೆ ಮಾಡಿದೀನಿ, ಲ್ಯಾಬಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ ಐತೆ. ಓವಿಎ ಅಂತ ಎಕ್ಸ್‌ಪೋರ್ಟ್ ಮಾಡ್ಕೊಂಡು ಹೋದ್ರೆ ಸ್ಪೆಸಿಫಿಕೇಷನ್ ಸರಿ ಇಲ್ಲ ಅಂತ ಎರರ್ ಬಂತು, ಹೆಂಗೋ ಒಳಗೆ ತಗೊಂಡ್ಮೇಲೆ ಬೂಟ್ ಆಯ್ತು, ಆದ್ರೆ ನೆಟ್‌ವರ್ಕೇ ಇಲ್ಲ. ಸೋಮವಾರ ಡೆಮೋ ಐತೆ.

ಉತ್ತರ: ತಂಗೀ, ಅರ್ಧ ಹೊಳಿ ದಾಟೀಯಲ್ಲ, ಇನ್ನರ್ಧ ಸಣ್ಣದು. ಮೊದ್ಲ ನೆಟ್‌ವರ್ಕ್ ನೋಡೋಣ, ಡೆಮೋಕ್ಕ ಬೇಕಾಗಿದ್ದು ಅದ.

ಉಬುಂಟು ನೆಟ್‌ವರ್ಕ್ ಕಾರ್ಡಿಗೆ ಹೆಸರಿಡೋದು ಆ ಕಾರ್ಡ್ ಯಾವ ಖಾನೆಯೊಳಗ ಕುಂತೈತಿ ಅನ್ನೋದ್ರ ಮ್ಯಾಲ. ವರ್ಚುವಲ್‌ಬಾಕ್ಸ್‌ನಾಗ ಸಾಮಾನ್ಯವಾಗಿ ಅದು ಇಎನ್‌ಪಿ0ಎಸ್3, ವಿಎಂವೇರ್‌ಗೆ ಬಂದ ಕೂಡ್ಲೆ ಇಎನ್‌ಎಸ್33 ಆಗ್ತೈತಿ. ನೆಟ್‌ವರ್ಕ್ ಸೆಟ್ಟಿಂಗ್ ಬರದಿರೋ ನಿನ್ನ ನೆಟ್‌ಪ್ಲಾನ್ ಫೈಲ್‌ನಾಗ ಇನ್ನೂ ಹಳೇ ಹೆಸರೇ ಐತಿ, ಮನಿ ಬದ್ಲಿ ಮಾಡಿದ್ರೂ ಪೋಸ್ಟ್‌ಮ್ಯಾನ್ ಹಳೇ ಬಾಗಿಲಿಗೆ ಹೋಗಿ ಬರಾಕತ್ತಾನ. ಎಸ್‌ಎಸ್‌ಎಚ್ (ನೆಟ್‌ವರ್ಕ್ ಮ್ಯಾಲ ದೂರದಿಂದ ಲಾಗಿನ್ ಆಗೋದು) ಹೆಂಗೂ ನಡಿಯಂಗಿಲ್ಲ, ವಿಎಂವೇರ್ ಕಿಟಕಿಯೊಳಗ ಲಾಗಿನ್ ಆಗಿ, ಐಪಿ ಅಂತ ಬರದು ಜಾಗ ಬಿಟ್ಟು ಎ ಒತ್ತಿದ್ರ ಹೊಸಾ ಹೆಸರು ಕಾಣ್ತೈತಿ. ಇಟಿಸಿ ಒಳಗಿನ ನೆಟ್‌ಪ್ಲಾನ್ ಫೋಲ್ಡರ್‌ನಾಗ ಯಾಮಲ್ ಫೈಲ್ ಇರ್ತೈತಿ, ಅದ್ರಾಗ ಹಳೇ ಹೆಸರು ಅಳಿಸಿ ಹೊಸಾದು ಬರಿ. ಟ್ಯಾಬ್ ಒತ್ತಬ್ಯಾಡ, ಸ್ಪೇಸ್ ಅಷ್ಟ, ಒಂದ್ ಸ್ಪೇಸ್ ಹೆಚ್ಚುಕಮ್ಮಿ ಆದ್ರೂ ಯಾಮಲ್ ಸಿಟ್ಟಾಗ್ತೈತಿ. ಆಮ್ಯಾಲ ಸುಡೊ ನೆಟ್‌ಪ್ಲಾನ್ ಟ್ರೈ ಕೊಡು, ನೀ ಎಂಟರ್ ಒತ್ತಿ ಒಪ್ಕೊಂಡ್ರ ಉಳೀತೈತಿ, ಇಲ್ಲಾಂದ್ರ 120 ಸೆಕೆಂಡಿಗೆ ಹಳೇದಕ್ಕ ತಾನ ವಾಪಸ್ ಹೋಗ್ತೈತಿ. ಡೆಸ್ಕ್‌ಟಾಪ್ ಉಬುಂಟು ಆಗಿದ್ರ ಈ ಪಂಚಾಯ್ತಿನೇ ಬರ್ತಿರ್ಲಿಲ್ಲ, ಅದು ತಾನಾಗೇ ಹೊಂದ್ಕೊಂತೈತಿ.

ಇನ್ನ ಆ ಎರರ್. ಓವಿಎ ಅಂದ್ರ ಒಂದ್ ಗಂಟು ಅಷ್ಟ, ಬಿಚ್ಚಿದ್ರ ಒಳಗ ಡಿಸ್ಕಿನ ವಿಎಂಡಿಕೆ, ಮಷೀನ್ ಹೆಂಗಿತ್ತು ಅಂತ ಬರದ ಓವಿಎಫ್ ಅನ್ನೋ ವಿವರದ ಫೈಲು, ಇವನ್ನ ಯಾರೂ ಮುಟ್ಟಿಲ್ಲ ಅಂತ ಹೇಳೋ ಒಂದ್ ಚೆಕ್‌ಸಮ್ ಪಟ್ಟಿ. ಜಗಳ ಇರೋದು ಆ ವಿವರದ ಫೈಲ್‌ನಾಗ. ವರ್ಚುವಲ್‌ಬಾಕ್ಸ್ ತನ್ನ ಸಾಟಾ ಕಂಟ್ರೋಲರಿಗೆ ತನ್ನದೇ ಮಾತಿನಾಗ ಹೆಸರು ಬರೀತೈತಿ, ವಿಎಂವೇರ್‌ಗೆ ಆ ಮಾತು ತಿಳಿಯಂಗಿಲ್ಲ, ಸರಿ ಇಲ್ಲ ಅಂತೈತಿ. ರೀಟ್ರೈ ಅಂತ ಒಂದ್ ಬಟನ್ ಅಲ್ಲೇ ಇರ್ತೈತಿ, ಅದು ಬರೇ ಮತ್ತೊಂದ್ಸಲ ಪ್ರಯತ್ನ ಮಾಡೋ ಬಟನ್ ಅಲ್ಲ, ಪರೀಕ್ಷೆ ಸಡಿಲ ಮಾಡಿ ಒಳಗ ಬಿಡೋ ಬಟನ್ನು. ನೀನೂ "ಹೆಂಗೋ" ಅಂದಿದ್ದು ಅದನ್ನ ಒತ್ತೇ ಇರಬೇಕು.

ನನ್ನ ಕೇಳಿದ್ರ ಓವಿಎ ಗೋಜಿಗೆ ಹೋಗಬಾರ್ದು. ಎರಡೂ ಕಡಿ ಇದು ಸ್ಟ್ಯಾಂಡರ್ಡ್ ಅಂತಾವ, ಎದುರಾಬದುರಾ ಕುಂದ್ರಿಸಿದ್ರ ಜಗಳ. ನಾನು ಡಿಸ್ಕ್ ಒಂದ ಒಯ್ಯಾಂವ. ವರ್ಚುವಲ್‌ಬಾಕ್ಸ್‌ನಾಗ ಮೀಡಿಯಾ ಪಟ್ಟಿ ತಗದು ಆ ಡಿಸ್ಕ್‌ನ ವಿಎಂಡಿಕೆ ಮಾಡಿ ಕಾಪಿ ತಗೀತೀನಿ, ಅಲ್ಲಿ ವಿಎಂವೇರ್‌ನಾಗ ಹೊಸಾ ಮಷೀನ್ ಕಸ್ಟಮ್ ಅಂತ ಶುರು ಮಾಡಿ, ಡಿಸ್ಕ್ ಕೇಳಿದಾಗ ಇರೋ ಡಿಸ್ಕ್ ಬಳಸ್ತೀನಿ ಅಂತ ಇದನ್ನ ತೋರಸ್ತೀನಿ. ಪೆಟ್ಟಿಗಿ ಅಲ್ಲಿಂದು, ಸಾಮಾನು ನಮ್ದು. ನೆನಪಿಡೋದು ಒಂದ, ಹಳೇ ಮಷೀನಿಗೆ ಇಎಫ್‌ಐ (ಮಷೀನ್ ಚಾಲೂ ಮಾಡೋ ಹೊಸಾ ಪದ್ಧತಿ, ಬಯೋಸ್ ಅನ್ನೋದು ಹಳೇದು) ಟಿಕ್ ಇತ್ತೋ ಇಲ್ಲೋ ಅನ್ನೋದು. ಅಲ್ಲಿ ಇದ್ದು ಇಲ್ಲಿ ಬಯೋಸ್ ಅಂತ ಇಟ್ರ ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ ಅಂತ ಕರೀ ಪರದೆ, ಡಿಸ್ಕ್ ಚಲೋನ ಇದ್ರೂ. ವಿಎಂವೇರ್‌ನಾಗ ಆಪ್ಷನ್ಸ್, ಅಡ್ವಾನ್ಸ್ಡ್ ಒಳಗ ಫರ್ಮ್‌ವೇರ್ ಅಂತ ಇರ್ತೈತಿ, ಅಲ್ಲಿ ಬದ್ಲಿ ಮಾಡ್ಬೇಕು.

ಲ್ಯಾಬಿನ ಮ್ಯಾಲ ನಂಬಿಕಿ ಇಲ್ಲಾಂದ್ರ ನಿನ್ನ ಲ್ಯಾಪ್‌ಟಾಪಿಗೂ ವರ್ಕ್‌ಸ್ಟೇಷನ್ ಪ್ರೊ ಹಾಕ್ಕೊಂಡು ಶನಿವಾರನ ಒಂದ್ಸಲ ನಡಸಿ ನೋಡು. ವಿಎಂವೇರ್‌ನ 2023ರ ನವೆಂಬರ್‌ನಾಗ ಬ್ರಾಡ್‌ಕಾಮ್ ಕೊಂಡ್ಕೊಂತು, 2024ರ ಮೇನಾಗ ಸ್ವಂತ ಬಳಕೆಗೆ, ಅದೇ ವರ್ಷ ನವೆಂಬರ್‌ನಾಗ ವ್ಯಾಪಾರದವ್ರಿಗೂ ಅದನ್ನ ಪುಕ್ಕಟೆ ಮಾಡ್ತು.

ಪ್ರಶ್ನೆ: ನಾನು ರಾಯಚೂರಿನ್ಯಾಕಿ, ಹತ್ತಿ ವ್ಯಾಪಾರಸ್ಥರ ಹತ್ರ ಅಕೌಂಟ್ಸ್ ನೋಡ್ಕೊಂತೀನಿ. ವಿಎಂವೇರ್ ಒಳಗಿನ ವಿಂಡೋಸ್ 7ನಾಗ ಲೆಕ್ಕ ಇತ್ತು. ಅದರ ದೊಡ್ಡ ವಿಎಂಡಿಕೆ ಫೈಲ್ ಹೊಸಾ ಕಂಪ್ಯೂಟರ್‌ಗೆ ತಂದು ವರ್ಚುವಲ್‌ಬಾಕ್ಸಿಗೆ ಹಚ್ಚಿದೆ, ಚಲೋತ್ನ್ಯಾಗಿ ಚಾಲೂ ಆಯ್ತು, ಆದ್ರ ಲೆಕ್ಕ ಯುಗಾದಿಗೆ ನಿಂತೈತಿ! ಅಲ್ಲಿಂದೀಚಿನ ಒಂದ್ ವೋಚರೂ ಇಲ್ಲ. ಸಾವ್ಕಾರ್ರಿಗೆ ಇನ್ನೂ ಹೇಳಿಲ್ಲ, ನಿದ್ದಿ ಬರವಲ್ದು.

ಉತ್ತರ: ಅಕ್ಕಾರ, ಸಾವ್ಕಾರ್ರಿಗೆ ಹೇಳೋ ಪ್ರಸಂಗ ಬರಂಗಿಲ್ಲ ಅನ್ಕೊಂತೀನಿ. ಹಳೇ ಕಂಪ್ಯೂಟರ್‌ನಾಗ ಏನೂ ಅಳಿಸಿಲ್ಲಲ್ಲ? ಅಳಿಸಿಲ್ಲ ಅಂದ್ರ ನಿಮ್ಮ ವೋಚರ್ ಎಲ್ಲಾ ಅಲ್ಲೇ ಅದಾವ.

ಯುಗಾದಿ ಹೊತ್ತಿಗೆ ಯಾರೋ ಆ ಮಷೀನಿನ ಸ್ನ್ಯಾಪ್‌ಶಾಟ್ ತಗದಾರ. ಸ್ನ್ಯಾಪ್‌ಶಾಟ್ ಅಂದ್ರ ಫೋಟೋ ಅಲ್ರಿ, ಹೆಸರ ಹಂಗೈತಿ. ಅದನ್ನ ತಗದ ಕ್ಷಣಕ್ಕ ದೊಡ್ಡ ಡಿಸ್ಕ್ ಫೈಲಿಗೆ ಬೀಗ ಬೀಳ್ತೈತಿ, ಅಲ್ಲಿಂದ ಮುಂದ ಬರದದ್ದೆಲ್ಲಾ ಪಕ್ಕದಾಗ ಇನ್ನೊಂದು ಸಣ್ಣ ಫೈಲ್ ಒಳಗ ಹೋಗ್ತೈತಿ, ಅದರ ಹೆಸರಿನ ಕೊನಿಗೆ 000001 ಅಂತ ಇರ್ತೈತಿ. ಹಳೇ ಖಾತೆ ಪುಸ್ತಕ ಕಟ್ಟಿಟ್ಟು ಹೊಸಾ ಪುಸ್ತಕದಾಗ ಬರಿಯಾಕ ಶುರು ಮಾಡಿದಂಗ. ನೀವು ಹಳೇ ಪುಸ್ತಕ ಒಂದ ಹೊತ್ಕೊಂಡು ಬಂದೀರಿ. ಹಳೇ ಫೋಲ್ಡರ್ ತಗದು ನೋಡ್ರಿ, ಆ ನಂಬರಿನ ಫೈಲ್ ಕಣ್ಣಿಗೆ ಬಿದ್ದ ಕೂಡ್ಲೆ ನಿಮಗ ನಿದ್ದಿ ಬರ್ತೈತಿ.

ಈಗ ಮಾಡೋದು. ಹಳೇ ಕಂಪ್ಯೂಟರ್‌ನಾಗ ಮಷೀನ್ ಪೂರ್ತಿ ಶಟ್‌ಡೌನ್ ಮಾಡ್ರಿ, ಸಸ್ಪೆಂಡ್ ಅಲ್ಲ. ಆ ಇಡೀ ಫೋಲ್ಡರ್ ಬ್ಯಾರೆ ಡಿಸ್ಕಿಗೆ ಕಾಪಿ ತಗದು ಕಪಾಟಿನಾಗ ಇಡ್ರಿ. ಆಮ್ಯಾಲ ವರ್ಕ್‌ಸ್ಟೇಷನ್ ಪ್ರೊ ಇದ್ರ ಕ್ಲೋನ್ ಅಂತ ಐತಿ, ಈಗಿನ ಸ್ಥಿತಿಯಿಂದ, ಫುಲ್ ಕ್ಲೋನ್ ಅಂತ ಆರಿಸಿದ್ರ ಎರಡೂ ಪುಸ್ತಕ ಕೂಡಿ ಒಂದ ಹೊಸಾ ಡಿಸ್ಕ್ ಆಗ್ತೈತಿ, ಅದನ್ನ ಒಯ್ರಿ. ಜಾಗ ಸಾಕಷ್ಟು ಖಾಲಿ ಇರಬೇಕು. ಇಲ್ಲಾ ಸ್ನ್ಯಾಪ್‌ಶಾಟ್ ಮ್ಯಾನೇಜರ್‌ಗೆ ಹೋಗಿ ಆ ಸ್ನ್ಯಾಪ್‌ಶಾಟ್‌ನ ಡಿಲೀಟ್ ಮಾಡ್ರಿ. ಡಿಲೀಟ್ ಅನ್ನೋ ಮಾತಿಗೆ ಎಲ್ಲರೂ ಹೆದರ್ತಾರ, ಅದು ನಿಮ್ಮ ಲೆಕ್ಕ ಅಳಸಂಗಿಲ್ಲ, ಹೊಸಾ ಪುಸ್ತಕದ್ದನ್ನ ಹಳೇದ್ರಾಗ ಕೂಡಿಸ್ತೈತಿ. ಹೆದರಬೇಕಾದ್ದು ರಿವರ್ಟ್ ಅನ್ನೋದಕ್ಕ. ಅದು ಕೇಳೋಕ ಸಂಭಾವಿತ ಮಾತು, ಒತ್ತಿದ್ರ ಯುಗಾದಿಯಿಂದೀಚಿನದೆಲ್ಲಾ ಗಂಗಿ ಪಾಲು.

ಇನ್ನೊಂದು, ಹಳೇ ಫೋಲ್ಡರ್‌ನಾಗಿನ ದೊಡ್ಡ ಫೈಲ್‌ನ ಅಲ್ಲೇ ಬ್ಯಾರೆ ಮಷೀನಿಗೆ ಹಚ್ಚಿ ಚಾಲೂ ಮಾಡಬ್ಯಾಡ್ರಿ. ಮಾಡಿದ್ರ ಅಪ್ಪನ ಡಿಸ್ಕ್ ಬದ್ಲಾಗೈತಿ ಅಂತ ಮಗನ ಡಿಸ್ಕ್ ಮುನಿಸ್ಕೊಂಡು ತೆರಿಯಾಕ ಒಪ್ಪಂಗಿಲ್ಲ. ನಾನು ಒಂದ್ಸಲ ಇದ ಅವಾಂತರ ಮಾಡ್ಕೊಂಡು ಗೆಳ್ಯಾನ ಅಂಗಡಿ ಲೆಕ್ಕದ ಜೋಡಿ ಎರಡು ರಾತ್ರಿ ಗುದ್ದಾಡೀನಿ, ಆ ಪೂರ್ತಿ ಫೋಲ್ಡರಿನ ಕಾಪಿ ಒಂದಿತ್ತು ಅಂತ ಗೆಳೆತನ ಉಳೀತು.

ಪ್ರಶ್ನೆ: 32 ಜಿಬಿ ಪೆನ್‌ಡ್ರೈವ್ ಪೂರ್ತಿ ಖಾಲಿ ಐತಿ, 11 ಜಿಬಿ ಓವಿಎ ಫೈಲ್ ಹಾಕಾಕ ಹೋದ್ರ ಫೈಲ್ ದೊಡ್ಡದಾತು ಅಂತೈತಿ. ಡೂಪ್ಲಿಕೇಟ್ ಪೆನ್‌ಡ್ರೈವಾ? (ಗಂಗಾವತಿ)

ಉತ್ತರ: ಪೆನ್‌ಡ್ರೈವ್ ಚಲೋ ಐತ್ರಿ, ಅಂಗಡಿಯವನ ಜೋಡಿ ಜಗಳಕ್ಕ ಹೋಗಬ್ಯಾಡ್ರಿ. ಅದು ಫ್ಯಾಟ್32 ಒಳಗ ಫಾರ್ಮ್ಯಾಟ್ ಆಗೈತಿ, ಅದ್ರಾಗ ಒಂದ್ ಫೈಲ್ 4 ಜಿಬಿ ದಾಟಂಗಿಲ್ಲ. ಒಳಗಿನದನ್ನ ಬ್ಯಾರೆ ಕಡಿ ಇಟ್ಟು ಎಕ್ಸ್‌ಫ್ಯಾಟ್ ಅಂತ ಫಾರ್ಮ್ಯಾಟ್ ಮಾಡ್ರಿ. ಕಾಪಿ ಆದಮ್ಯಾಲ ಎರಡೂ ಕಡಿ ಸರ್ಟ್‌ಯುಟಿಲ್ ಕಮಾಂಡಿನಿಂದ ಶಾ256 ಹ್ಯಾಶ್ (ಫೈಲಿನ ಬೆರಳಚ್ಚು ಇದ್ದಂಗ) ತಗದು ಹೋಲಿಸಿ ನೋಡ್ರಿ, ಒಂದಕ್ಷರ ಬ್ಯಾರೆ ಬಂದ್ರೂ ಕಾಪಿ ಕೆಟ್ಟೈತಿ ಅಂತ. ಬ್ಯಾಸಗಿಯಾಗ ನಡುವ ಕರೆಂಟ್ ಹೋಗೋ ಊರು ನಮ್ದು, ಅರ್ಧಂಬರ್ಧ ಕಾಪಿ ಹಿಡ್ಕೊಂಡು ಪ್ರೋಗ್ರಾಮಿಗೆ ಬೈಯೋರನ್ನ ಬಾಳ ನೋಡೀನಿ.

ಪ್ರಶ್ನೆ: ವಿಎಂವೇರ್‌ನಿಂದ ವರ್ಚುವಲ್‌ಬಾಕ್ಸಿಗೆ ತಂದೀನಿ, ಎಲ್ಲಾ ಬಂತು, ಆದ್ರ ಆಮೆ ಹಂಗ ನಡೀತೈತಿ. ಖರೇವಂದ್ರ ಕೆಳಗ ಹಸರ ಆಮೆ ಚಿತ್ರಾನೂ ಬರ್ತೈತಿ, ಚೇಷ್ಟೆ ಏನ್ರಿ ಇದು? (ಕೊಪ್ಪಳ)

ಉತ್ತರ: ಚೇಷ್ಟೆ ಅಲ್ಲ, ಅದು ಖರೇನ ಸೂಚನಾ. ಪ್ರೊಸೆಸರಿನ ವರ್ಚುವಲೈಸೇಷನ್ ಶಕ್ತಿನ ನಿಮ್ಮ ವಿಂಡೋಸಿನ ಹೈಪರ್-ವಿ (ವಿಂಡೋಸಿನ ಸ್ವಂತ ವರ್ಚುವಲ್ ಮಷೀನ್ ವ್ಯವಸ್ಥಾ) ಮೊದ್ಲ ಹಿಡ್ಕೊಂಡು ಕುಂತೈತಿ, ವರ್ಚುವಲ್‌ಬಾಕ್ಸ್ ಅದರ ಬೆನ್ನ ಮ್ಯಾಲ ಕುಂತು ಸಾಗಬೇಕು, ಅದಕ್ಕ ಆಮೆ. ವಿಂಡೋಸ್ ಫೀಚರ್ಸ್‌ನಾಗ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಮೂರೂ ಟಿಕ್ ತಗದು ರೀಸ್ಟಾರ್ಟ್ ಮಾಡ್ರಿ. ಆದ್ರೂ ಆಮೆ ಹೋಗಲಿಲ್ಲ ಅಂದ್ರ ವಿಂಡೋಸ್ ಸೆಕ್ಯೂರಿಟಿಯೊಳಗ ಕೋರ್ ಐಸೋಲೇಷನ್, ಅದರ ಮೆಮೊರಿ ಇಂಟೆಗ್ರಿಟಿ ಚಾಲೂ ಇರ್ತೈತಿ. ಅದು ವೈರಸ್ ವಿರುದ್ಧ ಒಂದ್ ಕಾವಲು, ಅದನ್ನ ಬಂದ್ ಮಾಡೋದು ಬಿಡೋದು ನಿಮ್ಮ ಲೆಕ್ಕಾಚಾರ, ಆ ಕಂಪ್ಯೂಟರ್‌ನಾಗ ಬ್ಯಾಂಕ್ ಕೆಲಸ ನಡೀತೈತಿ ಅಂದ್ರ ನಾನಾದ್ರ ಆಮೆ ಜೋಡಿನೇ ಸಂಸಾರ ಮಾಡ್ತೀನಿ. ಡಬ್ಲ್ಯೂಎಸ್‌ಎಲ್ 2 ಇಲ್ಲಾ ಡಾಕರ್ ಬಳಸೋರಿಗೆ ಇವನ್ನ ಬಂದ್ ಮಾಡಿದ್ರ ಅವೂ ನಿಲ್ತಾವ.

ಪ್ರಶ್ನೆ: ಬಳ್ಳಾರಿಲಿ ನಮ್ದು ಜೀನ್ಸ್ ಯುನಿಟ್ ಐತೆ, ಎಂಬ್ರಾಯ್ಡರಿ ಡಿಸೈನ್ ಸಾಫ್ಟ್‌ವೇರಿಗೆ ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಕೀಲಿ) ಬೇಕು. ವಿಂಡೋಸ್ 7 ಮಷೀನ್ ವಿಎಂವೇರಿಂದ ವರ್ಚುವಲ್‌ಬಾಕ್ಸಿಗೆ ಬಂತು, ಡಾಂಗಲ್ ಚುಚ್ಚಿದ್ರೆ ಲೈಟ್ ಹತ್ತುತ್ತೆ, ಸಾಫ್ಟ್‌ವೇರ್ ಮಾತ್ರ ಡಾಂಗಲ್ ಇಲ್ಲ ಅನ್ನುತ್ತೆ.

ಉತ್ತರ: ಲೈಟ್ ಹತ್ತೈತಿ ಅಂದ್ರ ಹೊರಗಿನ ವಿಂಡೋಸಿಗೆ ಸಿಕ್ಕೈತಿ, ಒಳಗಿನದಕ್ಕ ಸಿಕ್ಕಿಲ್ಲ. ಮಷೀನ್ ನಡಿಯೋಮುಂದ ಮ್ಯಾಲಿನ ಡಿವೈಸಸ್ ಮೆನುವಿನಾಗ ಯುಎಸ್‌ಬಿ ಅಂತ ಐತಿ, ಅಲ್ಲಿ ನಿಮ್ಮ ಡಾಂಗಲ್ ಹೆಸರಿಗೆ ಟಿಕ್ ಹಾಕಿದ್ರ ಒಳಗ ಹೋಗ್ತೈತಿ. ದಿನಾ ಟಿಕ್ ಹಾಕೋದು ಬ್ಯಾಡ ಅಂದ್ರ ಸೆಟ್ಟಿಂಗ್ಸ್‌ನಾಗ ಯುಎಸ್‌ಬಿ ಫಿಲ್ಟರ್ ಸೇರಿಸ್ರಿ. ಅಲ್ಲೇ ಕಂಟ್ರೋಲರ್ 3.0 ಅಂತ ಇಟ್ಟಿದ್ರ 2.0 ಮಾಡ್ರಿ, ವಿಂಡೋಸ್ 7ಕ್ಕ 3.0 ಡ್ರೈವರ್ ತನ್ನೊಳಗ ಇಲ್ಲ.

ಡಾಂಗಲ್ ಸಿಕ್ಕಮ್ಯಾಲೂ ಲೈಸೆನ್ಸ್ ಕೇಳ್ತು ಅಂದ್ರ ಕೆಲವು ಸಾಫ್ಟ್‌ವೇರು ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ಅಡ್ರೆಸ್ಸೂ (ಕಾರ್ಡಿನ ಗುರುತಿನ ನಂಬರ್) ನೋಡ್ತಾವ. ವಿಎಂವೇರ್ ಕೊಡೋ ಮ್ಯಾಕ್ 00:0ಸಿ:29 ಅಂತ ಶುರು ಆಗ್ತೈತಿ, ವರ್ಚುವಲ್‌ಬಾಕ್ಸ್ ಕೊಡೋದು 08:00:27 ಅಂತ, ಸಾಫ್ಟ್‌ವೇರಿಗೆ ಇದು ಬ್ಯಾರೆ ಕಂಪ್ಯೂಟರ್ ಅನ್ಸೋದು ಸಹಜ. ಹಳೇ ವಿಎಂಎಕ್ಸ್ ಫೈಲ್‌ನಾಗ ಹಳೇ ನಂಬರ್ ಐತಿ, ವರ್ಚುವಲ್‌ಬಾಕ್ಸಿನ ನೆಟ್‌ವರ್ಕ್ ಪುಟದಾಗ ಅದನ್ನ ಬರೀಬಹುದು. ಹಂಗ ಮಾಡಿದ್ರ ಹಳೇ ಮಷೀನ್, ಹೊಸಾ ಮಷೀನ್ ಎರಡನ್ನೂ ಒಂದ ನೆಟ್‌ವರ್ಕ್‌ನಾಗ ಒಂದ ಹೊತ್ತಿಗೆ ಚಾಲೂ ಮಾಡಬಾರ್ದು, ಎರಡೂ ತಡವರಿಸ್ತಾವ. ಸಾಫ್ಟ್‌ವೇರ್ ಕೊಟ್ಟವ್ರಿಗೆ ಮಷೀನ್ ಬದ್ಲಾಗೈತಿ ಅಂತ ಒಂದ್ ಫೋನ್ ಮಾಡಿ ಹೇಳ್ರಿ, ಲೈಸೆನ್ಸ್ ನಿಮ್ದ ಐತಿ, ಕದ್ದು ಮಾಡೋದೇನಿಲ್ಲ.

ಪ್ರಶ್ನೆ: ಮಗ ಎಂ1 ಚಿಪ್ಪಿನ ಮ್ಯಾಕ್‌ಬುಕ್ ತಂದಾನ. ನನ್ನ ಹಳೇ ವಿಂಡೋಸ್ 7 ಮಷೀನ್ ಅದರ ವಿಎಂವೇರ್ ಫ್ಯೂಷನ್‌ಗೆ ಹಾಕಬಹುದಾ? (ಸಿಂಧನೂರು)

ಉತ್ತರ: ಆಗಂಗಿಲ್ರಿ. ನಿಮ್ಮ ವಿಂಡೋಸ್ 7 ಇಂಟೆಲ್ ಭಾಷಿದು, ಎಂ1 ಆರ್ಮ್ ಭಾಷಿದು, ಅದರ ಮ್ಯಾಲಿನ ಫ್ಯೂಷನ್ ಆರ್ಮ್ ಮಷೀನ್ ಅಷ್ಟ ನಡಸ್ತೈತಿ. ಯುಟಿಎಂ ಅನ್ನೋ ಪುಕ್ಕಟೆ ಪ್ರೋಗ್ರಾಮು ಒಳಗೊಳಗ ಅನುವಾದ ಮಾಡ್ಕೋತ ನಡಸ್ತೈತಿ, ಆದ್ರ ಬಾಳ ನಿಧಾನ, ನೀವು ಚಾ ಕುಡದು ಬರೋ ಹೊತ್ತಿಗೆ ವಿಂಡೋಸ್ ಬಾಗಿಲು ತಗೀತೈತಿ. ದಿನದ ಕೆಲಸಕ್ಕ ಹಳೇ ಲ್ಯಾಪ್‌ಟಾಪ್ ಇಟ್ಕೊಳ್ರಿ, ಮ್ಯಾಕ್‌ಬುಕ್ ಮಗಂಗ ಇರ್ಲಿ.